ಸೈನಿಕ ಸ್ನೈಪರ್ ರೈಫಲುಗಳ ಪ್ರತಿಕೃತಿ ನಿರ್ಮಾಣ: ಒಂದು ಐತಿಹಾಸಿಕ ವಿವೇಚನೆ

ಇತಿಹಾಸಕ್ಕೆ ಆಧಾರವಾಗತಕ್ಕ ಸಾಮಗ್ರಿಗಳಲ್ಲಿ ಶಾಸನಗಳಿಗೂ ನಾಣ್ಯಗಳಿಗೂ ದಫ್ತರಗಳಿಗೂ ಸಂದಿರುವ ಮನ್ನಣೆ ಈಚಿನ ಕಾಲದ ಆಯುಧಗಳಿಗೆ ನಮ್ಮಲ್ಲಿ ಇನ್ನೂ ಸಂದಿಲ್ಲ. ಬ್ರಿಟನ್, ಅಮೆರಿಕ, ಕೆನಡ ಮೊದಲಾದ ದೇಶಗಳಲ್ಲಿಯಾದರೋ ಎರಡನೆಯ ಮಹಾಯುದ್ಧದ ರೈಫಲುಗಳನ್ನು ಸಂಗ್ರಹಿಸುವ ಹವ್ಯಾಸ ಬಹುಕಾಲದಿಂದ ಬೇರೂರಿದೆ. ಈ ಸಂಗ್ರಾಹಕರಲ್ಲಿ ಒಂದು ಪಂಗಡದವರು ಸಾಧಾರಣ ಸೈನಿಕ ರೈಫಲನ್ನು ತೆಗೆದುಕೊಂಡು, ಅದಕ್ಕೆ ದೂರದರ್ಶಕವನ್ನೂ ಇತರ ಅಂಗಗಳನ್ನೂ ಕೂಡಿಸಿ, ಯುದ್ಧಕಾಲದ ಸ್ನೈಪರುಗಳು ಬಳಸುತ್ತಿದ್ದ ರೈಫಲಿನ ಪ್ರತಿಕೃತಿಯನ್ನು ಸಿದ್ಧಪಡಿಸುತ್ತಾರೆ. ಮೇಲ್ನೋಟಕ್ಕೆ ಇದು ಬಡಗಿಯ ಮತ್ತು ಕಮ್ಮಾರನ ಕೆಲಸವೆಂದು ತೋರೀತು. ಆದರೆ ಮೂಲ ಯಾವುದು, ನಕಲು ಯಾವುದು, ತಿದ್ದಿದ ಮೂಲವನ್ನು ಯಾವ ವರ್ಗಕ್ಕೆ ಸೇರಿಸಬೇಕು ಎಂಬ ಪ್ರಶ್ನೆಗಳು ಇಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಅವು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದ ಪ್ರಶ್ನೆಗಳಲ್ಲ. ಪ್ರಕೃತ ಲೇಖನದಲ್ಲಿ ಈ ಹವ್ಯಾಸದ ಸ್ವರೂಪವನ್ನೂ, ಅದರಿಂದ ಐತಿಹಾಸಿಕ ಪ್ರಮಾಣಗಳಿಗೆ ಒದಗಬಹುದಾದ ಲಾಭ ಹಾನಿಗಳನ್ನೂ ಮುಖ್ಯವಾಗಿ ಬ್ರಿಟಿಷ್ ರೈಫಲೊಂದರ ನಿದರ್ಶನದಿಂದ ವಿವರಿಸಲು ಯತ್ನಿಸಲಾಗಿದೆ.

‘ಸ್ನೈಪರ್’ ಎಂಬ ಮಾತಿನ ಹುಟ್ಟು ಭರತಖಂಡದ್ದೇ ಎಂಬುದನ್ನು ಇಲ್ಲಿ ನೆನೆಯಬಹುದು. ಸ್ನೈಪ್ ಎಂಬುದು ಕೆಸರುಗದ್ದೆಗಳಲ್ಲಿ ವಾಸಿಸುವ ಉದ್ದ ಕೊಕ್ಕಿನ ಹಕ್ಕಿ. ಅದರ ಮೈಬಣ್ಣ ನೆಲದೊಡನೆ ಬೆರೆತುಹೋಗುತ್ತದೆ. ಹಾರಿದಾಗ ಅಂಕುಡೊಂಕಾಗಿ ಹಾರುತ್ತದೆ. ಅದನ್ನು ಹೊಡೆಯುವುದಕ್ಕೆ ಅಸಾಧಾರಣ ಗುರಿ ಬೇಕು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿದ್ದ ಇಂಗ್ಲಿಷ್ ಸೇನಾಧಿಕಾರಿಗಳು ಈ ಬೇಟೆಗೆ ಬಳಸುತ್ತಿದ್ದ ಮಾತೇ ಮುಂದೆ ಮರೆಯಲ್ಲಿ ಕುಳಿತು ಒಬ್ಬೊಬ್ಬನನ್ನೇ ಗುರಿಯಿಟ್ಟು ಹೊಡೆಯುವ ಸೈನಿಕನಿಗೆ ಸಂದಿತು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಸಾಧಾರಣ ಸೈನಿಕನ ಆಯುಧ .303 ಅಂಗುಲ ವ್ಯಾಸದ ಲೀ-ಎನ್‌ಫೀಲ್ಡ್ ರೈಫಲು. ನಮ್ಮ ಪೊಲೀಸ್ ಠಾಣೆಗಳ ಮೂಲಕ ‘ತ್ರೀ ನಾಟ್ ತ್ರೀ’ ಎಂದು ಹಳ್ಳಿಯ ಜನಕ್ಕೂ ಪರಿಚಿತವಾದ ಕುಲ ಇದೇ. ಇದರ ‘ನಂಬರ್ 4’ ಎಂಬ ಮಾದರಿ ಬ್ರಿಟನ್, ಅಮೆರಿಕ, ಕೆನಡಗಳ ಕಾರ್ಖಾನೆಗಳಲ್ಲಿ ಒಟ್ಟು 40 ಲಕ್ಷದಷ್ಟು ತಯಾರಾಯಿತು. ಇವುಗಳ ಪೈಕಿ ಸ್ನೈಪರ್ ರೈಫಲಾಗಿ ಪರಿವರ್ತಿತವಾದವುಗಳಿಗೆ ‘ನಂಬರ್ 4 ಟಿ’ ಎಂದು ಹೆಸರು. ಮೊದಲಿನ ಕೆಲವನ್ನು ಎನ್‌ಫೀಲ್ಡ್ ಕಾರ್ಖಾನೆಯಲ್ಲಿಯೇ ಪರಿವರ್ತಿಸಲಾಯಿತು. 1942ರಿಂದ ಈ ಕೆಲಸ ಬೇಟೆಯ ಬಂದೂಕುಗಳಿಗೆ ಹೆಸರಾಗಿದ್ದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ವಹಿಸಲ್ಪಟ್ಟು, ಯುದ್ಧ ಮುಗಿಯುವ ವೇಳೆಗೆ ಆ ಸಂಸ್ಥೆ ಸುಮಾರು 26,000 ರೈಫಲುಗಳನ್ನು ಪರಿವರ್ತಿಸಿತ್ತು. ಯುದ್ಧಾನಂತರ ಇವುಗಳಲ್ಲಿ ಅನೇಕವು ನಾಶವಾದುವು. ಅನೇಕವು ದೂರದರ್ಶಕವನ್ನು ಕಳೆದುಕೊಂಡು ಮಾರಾಟವಾದುವು. 1970ರ ಸುಮಾರಿನಲ್ಲಿ ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ರೈಫಲುಗಳು 7.62 ಮಿಲಿಮೀಟರ್ ಗುಂಡಿಗೆ ಹೊಂದುವಂತೆ ಹೊಸ ನಳಿಗೆ ಪಡೆದು ‘ಎಲ್ 42 ಎ 1’ ಎಂಬ ಹೊಸ ಹೆಸರನ್ನು ತಾಳಿದುವು. ಇವು 1982ರ ಫಾಕ್‌ಲೆಂಡ್ ಯುದ್ಧದಲ್ಲಿಯೂ ಬಳಕೆಯಲ್ಲಿದ್ದುವು. ಹೀಗೆ ಸಾಧಾರಣ ರೈಫಲು ಹೇರಳವಾಗಿ ಉಳಿದು, ಸ್ನೈಪರ್ ರೈಫಲು ವಿರಳವಾಯಿತು. ವಿರಳವಾದುದಕ್ಕೆ ಬೆಲೆ ಏರುವುದು ಸಹಜ. ಅದನ್ನು ಕೊಳ್ಳಲಾರದವನು ಅದರಂತಿರುವುದನ್ನು ತಾನೇ ಮಾಡಿಕೊಳ್ಳಲು ತೊಡಗಿದನು. ಪ್ರತಿಕೃತಿಯ ಹವ್ಯಾಸಕ್ಕೆ ಮೂಲ ಇಷ್ಟೆ.

ಪ್ರತಿಕೃತಿಯನ್ನು ಕಟ್ಟುವವನು ಮೊದಲು ಮೂಲವನ್ನು ಓದಬೇಕು. ಇಲ್ಲಿ ‘ಓದು’ ಎಂಬ ಪದವನ್ನು ಉದ್ದೇಶಪೂರ್ವಕವಾಗಿಯೇ ಬಳಸಿದೆ. ಕಾರ್ಖಾನೆಯಲ್ಲಿ ತಯಾರಾದ ರೈಫಲುಗಳನ್ನು ಪರೀಕ್ಷಿಸುವಾಗ ಯಾವುದು ಗುಂಡುಗಳನ್ನು ಬಿಡಿಬಿಡಿಯಾಗಿ ಚೆಲ್ಲದೆ ಒಂದೆಡೆ ಗುಂಪಾಗಿ ನಾಟಿಸುತ್ತಿತ್ತೋ ಅದನ್ನು ಬೇರೆಯಿಡುತ್ತಿದ್ದರು. ಅಂಥದರ ಮೇಲೆ ‘ಟಿಆರ್’ ಎಂಬ ಅಚ್ಚನ್ನು ಒತ್ತುತ್ತಿದ್ದರು. ಪರಿವರ್ತನೆಯ ಕಾರ್ಯದಲ್ಲಿ ಮೊದಲನೆಯದು, ರೈಫಲಿನ ಉಕ್ಕಿನ ಒಡಲಿನ ಎಡಮಗ್ಗುಲಲ್ಲಿ ಹಿಂದೊಂದು ಮುಂದೊಂದು ಉಕ್ಕಿನ ಪೀಠಗಳನ್ನು ತಿರುಪುಗಳಿಂದ ಬಿಗಿದು, ಮೆದು ಬೆಸುಗೆಯಿಂದ ಕೂಡಿಸುವುದು. ದೂರದರ್ಶಕವನ್ನು ಹಿಡಿಯುವ ಬ್ರಾಕೆಟ್ಟು ಎರಡು ದೊಡ್ಡ ಕೈತಿರುಪುಗಳಿಂದ ಈ ಪೀಠಗಳ ಮೇಲೆ ಕೂಡುತ್ತಿತ್ತು, ಬೇಕಾದಾಗ ಬಿಚ್ಚಬಹುದಾಗಿತ್ತು. ಹಿಂದಣ ಗುರಿಕಿಂಡಿಯ ಒಂದು ಭಾಗ ದೂರದರ್ಶಕಕ್ಕೆ ತಾಗುವುದರಿಂದ ಅದನ್ನು ಅರೆದು ತೆಗೆಯುತ್ತಿದ್ದರು. ದೂರದರ್ಶಕವು ಲೋಹದ ಗುರಿಗಿಂತ ಎತ್ತರದಲ್ಲಿರುವುದರಿಂದ ಗುರಿಕಾರನ ಕಣ್ಣೂ ಅಷ್ಟೇ ಎತ್ತರಕ್ಕೆ ಬರಬೇಕಷ್ಟೆ. ಆದ್ದರಿಂದ ಭುಜಕ್ಕೆ ಆನಿಸುವ ಮರದ ಬುಡದ ಮೇಲೆ ಕೆನ್ನೆಯನ್ನು ಊರಲು ಒಂದು ಮರದ ತುಂಡನ್ನು ತಿರುಪಿನಿಂದ ಜೋಡಿಸುತ್ತಿದ್ದರು.

ದೂರದರ್ಶಕದ ಹೆಸರು ‘ನಂಬರ್ 32’. ವಸ್ತುಗಳನ್ನು ಮೂರು ಪಟ್ಟು ಹಿಗ್ಗಿಸಿ ತೋರುವ ಈ ಉಪಕರಣವನ್ನು ಮೊದಲು ಕಲ್ಪಿಸಿದ್ದು ರೈಫಲಿಗಾಗಿ ಅಲ್ಲ, ಬ್ರೆನ್ ಮೆಷಿನ್‌ಗನ್ನಿಗಾಗಿ. ಅದರ ಗಾತ್ರವೂ ತೂಕವೂ ಅಷ್ಟೇಕೆ ಎಂಬುದಕ್ಕೆ ಇದು ಸ್ವಲ್ಪಮಟ್ಟಿಗೆ ಉತ್ತರ. ಮೇಲಿರುವ ಗುಂಡುಬಿರಡೆಯನ್ನು ತಿರುಗಿಸಿ 1,000 ಗಜದವರೆಗಿನ ದೂರವನ್ನು ಗೊತ್ತುಮಾಡಬಹುದಾಗಿತ್ತು. ಮೊದಲ ಮಾದರಿಯಲ್ಲಿ ಒಂದೊಂದು ‘ಟಿಕ್’ಗೆ 50 ಗಜ ಸರಿಯುತ್ತಿತ್ತು; ಮುಂದಿನ ಎರಡು ಮಾದರಿಗಳಲ್ಲಿ ಈ ಅಳತೆ ಕೋನದ ಒಂದೊಂದು ಕಲೆಗೆ ಇಳಿದು ಸೂಕ್ಷ್ಮವಾಯಿತು. ದೂರದರ್ಶಕ ಸಹಿತವಾಗಿ ಇಡೀ ರೈಫಲು ಸುಮಾರು 5 ಕಿಲೋಗ್ರಾಂ ತೂಗುತ್ತಿತ್ತು. ಅದನ್ನು ಹೊತ್ತು ತೆವಳಿದವನ ಶ್ರಮವನ್ನು ಪುಸ್ತಕದ ಅಂಕಿಗಳು ತಿಳಿಸಲಾರವು. ಕೈಗೆತ್ತಿಕೊಂಡರೆ ಕ್ಷಣದಲ್ಲಿ ತಿಳಿಯುತ್ತದೆ. ಪ್ರತಿಕೃತಿಯ ಪ್ರಯೋಜನಗಳಲ್ಲಿ ಇದೊಂದು.

ಈಗ ಮುಖ್ಯವಾದ ಅಂಶಕ್ಕೆ ಬರಬಹುದು. ಪ್ರತಿಯೊಂದು ರೈಫಲಿಗೂ ಅದರ ದೂರದರ್ಶಕವನ್ನು ಹೊಂದಿಸಿದ ಮೇಲೆ ಒಂದನ್ನು ಮತ್ತೊಂದಕ್ಕೆ ಬದಲಿಸುವಂತಿರಲಿಲ್ಲ. ಆದ್ದರಿಂದ ರೈಫಲಿನ ಸಂಖ್ಯೆಯನ್ನು ಬ್ರಾಕೆಟ್ಟಿನ ಮೇಲೂ, ದೂರದರ್ಶಕದ ಸಂಖ್ಯೆಯನ್ನು ಹೆಬ್ಬೆರಳು ಸುತ್ತಿಕೊಳ್ಳುವೆಡೆಯಲ್ಲಿ ಮರದ ಬೆನ್ನಿನ ಮೇಲೂ ಅಚ್ಚೊತ್ತುತ್ತಿದ್ದರು. ಒಡಲಿನ ಎಡಮಗ್ಗುಲಲ್ಲಿ ‘ಟಿ’ ಎಂಬ ಅಕ್ಷರ, ಬುಡದ ಅಡಿಯಲ್ಲಿ ಹಾಲೆಂಡ್ ಅಂಡ್ ಹಾಲೆಂಡಿನ ಯುದ್ಧಕಾಲದ ಗುಪ್ತಸಂಕೇತವಾದ ‘ಎಸ್ 51’. ದೂರದರ್ಶಕ ಕೆಟ್ಟು ಬೇರೊಂದನ್ನು ಕೂಡಿಸಿದಾಗ ಸೇನೆಯ ಆಯುಧಗಾರನು ಮರದ ಮೇಲಿನ ಹಳೆಯ ಸಂಖ್ಯೆಗೆ ಗೀಟೆಳೆದು ಹೊಸ ಸಂಖ್ಯೆಯನ್ನು ಒತ್ತುತ್ತಿದ್ದನು. ಇಷ್ಟು ಚಿಹ್ನೆಗಳನ್ನು ಕ್ರಮವಾಗಿ ಓದಿದರೆ ರೈಫಲು ಎಲ್ಲಿ ಹುಟ್ಟಿತು, ಯಾರು ಪರಿವರ್ತಿಸಿದರು, ಎಷ್ಟು ಸಲ ದುರಸ್ತಿಯಾಯಿತು ಎಂಬುದೆಲ್ಲವೂ ತಿಳಿಯುತ್ತದೆ. ಒಂದು ತಾಮ್ರಪಟದಲ್ಲಿ ದಾನಿ, ಪ್ರತಿಗ್ರಹಿ, ತಿಥಿ, ಲಿಪಿಕಾರರನ್ನು ಗುರುತಿಸುವ ಕಾರ್ಯಕ್ಕೂ ಇದಕ್ಕೂ ಸ್ವಭಾವತಃ ಭೇದವಿಲ್ಲ.

ಪ್ರತಿಕೃತಿಯ ನಿರ್ಮಾಪಕನು ಮಾಡುವ ಮೊದಲ ಆಯ್ಕೆಯೇ ಅವನ ಇತಿಹಾಸಪ್ರಜ್ಞೆಯ ಪರೀಕ್ಷೆ. ಅವನಿಗೆ ಆಧಾರವಾಗಿ ಒಂದು ರೈಫಲು ಬೇಕು. ಎಲ್ಲ ಅಂಗಗಳ ಸಂಖ್ಯೆಗಳೂ ತಾಳೆಯಾಗುವ, ಯಾರೂ ಕೈಹಾಕದ ಸಾಧಾರಣ ರೈಫಲೊಂದನ್ನು ತಂದು ಅದರ ಒಡಲಿಗೆ ರಂಧ್ರ ಕೊರೆದರೆ, ಒಂದು ನಿಜವಾದ ದಾಖಲೆಯನ್ನು ಕೆಡಿಸಿ ಅದರ ಮೇಲೆ ಒಂದು ಕಲ್ಪನೆಯನ್ನು ಬರೆದಂತಾಗುತ್ತದೆ. ಕೊರೆದ ರಂಧ್ರವನ್ನು ಮುಚ್ಚಬಹುದು, ಇಲ್ಲವಾಗಿಸಲು ಬಾರದು. ವಿವೇಕಿಗಳು ಹೀಗೆ ಮಾಡುವುದಿಲ್ಲ. ಯುದ್ಧಾನಂತರದ ದಶಕಗಳಲ್ಲಿ ಅಗ್ಗವಾಗಿ ಮಾರಾಟವಾದ ಸೈನಿಕ ರೈಫಲುಗಳ ಮರವನ್ನು ಕತ್ತರಿಸಿ ಬೇಟೆಗಾರರು ತಮಗೆ ಬೇಕಾದಂತೆ ಮಾಡಿಕೊಂಡಿದ್ದರು. ಇಂಥ ವಿರೂಪಗೊಂಡವುಗಳನ್ನೇ ಅವರು ಹುಡುಕಿ ತರುತ್ತಾರೆ. ದೂರದರ್ಶಕವನ್ನು ಕಳೆದುಕೊಂಡ ನಿಜವಾದ ‘ಟಿ’ ರೈಫಲು ಸಿಕ್ಕರಂತೂ ಕೆಲಸ ಪ್ರತಿಕೃತಿಯಲ್ಲ, ಜೀರ್ಣೋದ್ಧಾರ. ಪೀಠಗಳನ್ನು ಕೂರಿಸುವ ಕಾರ್ಯವನ್ನು ಬಹುಮಟ್ಟಿಗೆ ಪರವಾನಗಿಯುಳ್ಳ ಬಂದೂಕು ಕುಶಲಿಗಳಿಗೇ ಬಿಡುತ್ತಾರೆ. ಪೀಠ ಕೂದಲೆಳೆಯಷ್ಟು ಓರೆಯಾದರೂ ದೂರದರ್ಶಕದ ಗುಂಡುಬಿರಡೆಯನ್ನು ಕೊನೆಯವರೆಗೆ ತಿರುಗಿಸಿದರೂ ಗುರಿ ನಡುವಿಗೆ ಬರುವುದಿಲ್ಲ. ಇದನ್ನು ಕಂಡವರಿಗೆ ಹಾಲೆಂಡ್ ಅಂಡ್ ಹಾಲೆಂಡಿನ ಕೆಲಸಗಾರರು ಯುದ್ಧದ ಅವಸರದಲ್ಲಿಯೂ ಸಾವಿರಾರು ಸಲ ಸಾಧಿಸಿದುದು ಎಂಥದೆಂಬುದು ಮನದಟ್ಟಾಗುತ್ತದೆ.

ಇನ್ನು ಮೆರುಗಿನ ವಿಷಯ. ಹವ್ಯಾಸಿಯ ಬಹುಪಾಲು ಹೊತ್ತು ಕಳೆಯುವುದು ಇಲ್ಲಿಯೇ. ಬ್ರಿಟಿಷ್ ರೈಫಲಿನ ಮರ ಅಕ್ರೋಟು. ಯುದ್ಧಕಾಲದ ಅಭಾವದಲ್ಲಿ ಬೀಚ್ ಮರವನ್ನೂ ಬಳಸಿದರು. ಅದಕ್ಕೆ ಹಚ್ಚುತ್ತಿದ್ದುದು ಹಸಿ ಅಗಸೆಎಣ್ಣೆ. ಈ ಎಣ್ಣೆ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದ್ದರಿಂದ ತೆಳುವಾಗಿ ಸವರಿ, ಅಂಗೈಯಿಂದ ತಿಕ್ಕಿ, ದಿನಗಟ್ಟಲೆ ಬಿಟ್ಟು, ಮತ್ತೆ ಸವರಬೇಕು. ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಇದೇ ಕ್ರಿಯೆಯ ಶಾಖದಿಂದ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸುವುದು ಕ್ಷೇಮ. ಮರದ ತಗ್ಗುಗಳನ್ನು ಒದ್ದೆ ಬಟ್ಟೆಯಿಟ್ಟು ಕಾದ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಎಬ್ಬಿಸುತ್ತಾರೆ. ಅಮುಕಿದ ನಾರುಗಳು ಆವಿಯಿಂದ ಉಬ್ಬಿ ಮೇಲೇಳುತ್ತವೆ. ಉಪ್ಪುಕಾಗದ ಹಿಡಿದು ಉಜ್ಜುವವನು ಮಾತ್ರ ತಗ್ಗಿನೊಡನೆ ಅಚ್ಚುಗಳನ್ನೂ ಅಳಿಸಿಬಿಡುತ್ತಾನೆ. ಇದು ಶಿಲಾಶಾಸನಕ್ಕೆ ಸುಣ್ಣ ಬಳಿಯುವುದಕ್ಕಿಂತ ಕೆಟ್ಟದು, ಏಕೆಂದರೆ ಸುಣ್ಣವನ್ನು ಕೆರೆದು ತೆಗೆಯಬಹುದು.

ದೇಶದಿಂದ ದೇಶಕ್ಕೆ ಮೆರುಗಿನ ಪದ್ಧತಿ ಬೇರೆ. ರಷ್ಯದ ಮೋಸಿನ್-ನಾಗಾಂತ್ ರೈಫಲಿನ ಬರ್ಚ್ ಮರಕ್ಕೆ ಅರಗಿನ ಮೆರುಗು. ಅದರ ಕೆಂಬಣ್ಣ ದೂರದಿಂದಲೇ ಗುರುತಿಗೆ ಸಿಕ್ಕುತ್ತದೆ. ಅಮೆರಿಕದವರು ಉಕ್ಕನ್ನು ಫಾಸ್ಫೇಟಿನ ಬಿಸಿ ದ್ರಾವಣದಲ್ಲಿ ಮುಳುಗಿಸುತ್ತಿದ್ದರು. ಉಕ್ಕಿನ ಮೇಲೆ ಮಂಕಾದ ಬೂದುಬಣ್ಣದ ಹರಳುಗಳ ಪದರ ಹುಟ್ಟಿ, ಅದು ಎಣ್ಣೆಯನ್ನು ಹಿಡಿದಿಟ್ಟು ತುಕ್ಕನ್ನು ತಡೆಯುತ್ತದೆ; ಹೊಳೆಯದಿರುವುದರಿಂದ ಗುರಿಕಾರನ ಇರವನ್ನೂ ಬಯಲುಮಾಡುವುದಿಲ್ಲ. ನೀಲಿಗಪ್ಪಿನ ಪದ್ಧತಿಯಲ್ಲಿಯಾದರೋ ಉಕ್ಕಿನ ಮೇಲ್ಮೈಯೇ ಹತೋಟಿಯಲ್ಲಿ ಆಕ್ಸೈಡಾಗಿ ಮಾರ್ಪಡುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಇಂದು ಬಳಕೆಯಲ್ಲಿರುವ ಬಿಸಿ ಕ್ಷಾರದ ನೀಲಿಗಪ್ಪು ಸೀಸ ತವರಗಳ ಮೆದು ಬೆಸುಗೆಯನ್ನು ತಿಂದುಹಾಕುತ್ತದೆ. ನಿಜವಾದ ‘ಟಿ’ ರೈಫಲನ್ನು ಹೊಸದಾಗಿಸುವ ಆಸೆಯಿಂದ ಅದನ್ನು ಇಂಥ ತೊಟ್ಟಿಯಲ್ಲಿ ಮುಳುಗಿಸಿದವನು ಪೀಠಗಳ ಬೆಸುಗೆಯನ್ನೇ ಕಳೆದುಕೊಳ್ಳುತ್ತಾನೆ.

ಅತಿಯಾದ ಅಂದವೂ ಈ ಹವ್ಯಾಸದ ಒಂದು ದೋಷ. 1942ರ ಸುಮಾರಿನ ಸೋವಿಯತ್ ರೈಫಲುಗಳ ಒಡಲಿನ ಮೇಲೆ ಯಂತ್ರದ ಗೀರುಗಳು ಹಾಗೆಯೇ ಉಳಿದಿವೆ. ಶತ್ರು ದೇಶದೊಳಕ್ಕೆ ನುಗ್ಗಿದ್ದಾಗ ನಯಗೊಳಿಸುವುದಕ್ಕೆ ಸಮಯವೆಲ್ಲಿ? ಆ ಗೀರುಗಳೇ ಆ ವರ್ಷದ ಇತಿಹಾಸ. ಹವ್ಯಾಸಿ ಅವನ್ನು ಉಜ್ಜಿ ಕನ್ನಡಿಯಂತೆ ಮಾಡಿದರೆ ಕಣ್ಣಿಗೆ ಹಬ್ಬವಾದೀತು, 1942 ಮಾತ್ರ ಮಾಯವಾಗುತ್ತದೆ. ಮೂಲಕ್ಕಿಂತ ಅಂದವಾದ ಪ್ರತಿಕೃತಿಯನ್ನು ಕಂಡಾಗ ಇತಿಹಾಸದ ವಿದ್ಯಾರ್ಥಿ ಮೊದಲು ಸಂಶಯಪಡುವುದು ಒಳ್ಳೆಯದು.

ಸಂಶಯವನ್ನು ಪರಿಹರಿಸುವ ಉಪಾಯಗಳೂ ಇವೆ. ಅಮೆರಿಕದ ರೆಮಿಂಗ್ಟನ್ ಕಾರ್ಖಾನೆ 1943 ಮತ್ತು 1944ರಲ್ಲಿ ‘ಎಂ 1903 ಎ 4’ ಎಂಬ ಸ್ನೈಪರ್ ರೈಫಲುಗಳನ್ನು ಸುಮಾರು 28,000ದಷ್ಟು ತಯಾರಿಸಿತು. ಇವು ಸಾಧಾರಣವಾದ ‘ಎ 3’ ಮಾದರಿಯಿಂದಲೇ ಹುಟ್ಟಿದವು. ಒಡಲಿನ ಮೇಲೆ ಕೊರೆದಿರುವುದೂ ‘ಎ 3’ ಎಂದೇ. ಹಾಗಾದರೆ ಭೇದವನ್ನು ತಿಳಿಯುವುದು ಹೇಗೆ? ಒಡಲಿನ ನೆತ್ತಿಯ ಮೇಲೆ ದೂರದರ್ಶಕದ ಪೀಠ ಕೂರುವುದರಿಂದ, ಅದರಡಿಯಲ್ಲಿ ಬರಹ ಮರೆಯಾಗದಿರಲೆಂದು ಕಾರ್ಖಾನೆಯವರು ಮಾದರಿಯ ಹೆಸರನ್ನು ಒಂದು ಮಗ್ಗುಲಿಗೂ ಸಂಖ್ಯೆಯನ್ನು ಇನ್ನೊಂದು ಮಗ್ಗುಲಿಗೂ ಸರಿಸಿ ಕೊರೆದರು. ‘ಎ 3’ ರೈಫಲಿನಿಂದ ಮಾಡಿದ ಪ್ರತಿಕೃತಿಯಲ್ಲಿ ಬರಹ ನಟ್ಟನಡುವೆ ಇದ್ದು ಪೀಠದ ಅಡಿಗೆ ಸೇರುತ್ತದೆ. ಒಂದು ಸಾಲಿನ ಸ್ಥಾನ ಇಡೀ ವಾದವನ್ನು ತೀರ್ಮಾನಿಸಿಬಿಡುತ್ತದೆ.

ಎಲ್ಲೆಡೆಯೂ ತೀರ್ಮಾನ ಇಷ್ಟು ಸುಲಭವಲ್ಲ. ಮೋಸಿನ್-ನಾಗಾಂತ್ ರೈಫಲಿನ ಮೇಲೆ ‘ಪಿಯು’ ಎಂಬ ಮೂರೂವರೆ ಪಟ್ಟಿನ ದೂರದರ್ಶಕವನ್ನು ಕೂರಿಸಿ ಸೋವಿಯತ್ ಸೇನೆ ಬಳಸುತ್ತಿತ್ತು. ನೇರವಾಗಿದ್ದ ಬೋಲ್ಟಿನ ಹಿಡಿ ಮೇಲೆತ್ತಿದಾಗ ದೂರದರ್ಶಕಕ್ಕೆ ತಗಲುವುದರಿಂದ ಸ್ನೈಪರ್ ರೈಫಲುಗಳಿಗೆ ಕೆಳಕ್ಕೆ ಬಾಗಿದ ಉದ್ದ ಹಿಡಿಯನ್ನು ಹಾಕುತ್ತಿದ್ದರು. ಯುದ್ಧಾನಂತರ ಸೋವಿಯತ್ ಸೇನೆಯೇ ಅನೇಕ ಸ್ನೈಪರ್ ರೈಫಲುಗಳ ದೂರದರ್ಶಕವನ್ನು ತೆಗೆದು, ರಂಧ್ರಗಳನ್ನು ಮುಚ್ಚಿ, ಸಾಧಾರಣ ರೈಫಲಾಗಿ ಮಾಡಿತು. ಉಳಿದವನ್ನು ಆಯುಧಾಗಾರಗಳಲ್ಲಿ ಹೊಸದಾಗಿ ಮೆರುಗಿಟ್ಟು, ಬೇರೆ ರೈಫಲಿನ ಅಂಗಗಳನ್ನು ಕೂಡಿಸಿ, ಹಳೆಯ ಸಂಖ್ಯೆಗಳಿಗೆ ಗೀಟೆಳೆದು ಹೊಸವನ್ನು ಒತ್ತಿಟ್ಟರು. ಸ್ನೈಪರಾಗಿದ್ದು ಸಾಧಾರಣವಾದ ರೈಫಲಿನ ಮುಚ್ಚಿದ ರಂಧ್ರಗಳನ್ನು ಇಂದಿನ ಹವ್ಯಾಸಿ ತೆರೆದು ಹೊಸ ದೂರದರ್ಶಕವನ್ನು ಕೂರಿಸಿದರೆ, ಅದು ಮೂಲವೇ ಪ್ರತಿಕೃತಿಯೇ? ಇದಕ್ಕೆ ಒಂದೇ ಪದದ ಉತ್ತರವಿಲ್ಲವೆಂದೇ ನನ್ನ ಅಭಿಪ್ರಾಯ. ಯಾವ ಭಾಗವನ್ನು ಯಾರು ಯಾವಾಗ ಸೇರಿಸಿದರೆಂಬುದನ್ನು ಬರೆದಿಟ್ಟರೆ ಸಾಕು; ಹೆಸರು ಯಾವುದಾದರೂ ಆಗಲಿ.

ನಿಜವಾದ ವಿವಾದ ಇರುವುದು ಅಚ್ಚುಗಳ ಬಗೆಗೆ. ಕೆಲವು ನಿರ್ಮಾಪಕರು ‘ಟಿ’, ‘ಎಸ್ 51’ ಮೊದಲಾದ ಅಚ್ಚುಗಳನ್ನೂ ಹೊಸದಾಗಿ ಒತ್ತುತ್ತಾರೆ. ಮೂಲದಲ್ಲಿದ್ದುದೆಲ್ಲವೂ ಪ್ರತಿಕೃತಿಯಲ್ಲಿಯೂ ಇರಬೇಡವೇ ಎಂಬುದು ಅವರ ವಾದ. ತಾನು ಮಾರುವುದಿಲ್ಲ, ಯಾರನ್ನೂ ವಂಚಿಸುವುದಿಲ್ಲ ಎಂದು ಅವರು ಹೇಳುವುದು ಪ್ರಾಮಾಣಿಕವಾಗಿಯೇ ಇರಬಹುದು. ಆದರೆ ರೈಫಲಿನ ಆಯುಸ್ಸು ಅದರ ಒಡೆಯನದಕ್ಕಿಂತ ದೀರ್ಘ. ಒಡೆಯನು ತೀರಿಕೊಂಡ ಮೇಲೆ ವಾರಸುದಾರರು ಹರಾಜಿಗೆ ಇಡುತ್ತಾರೆ. ಎರಡು ಕೈ ಬದಲಾಗುವುದರೊಳಗೆ ‘ಪ್ರತಿಕೃತಿ’ ಎಂಬ ಮಾತು ಉದುರಿಹೋಗುತ್ತದೆ. ಅಚ್ಚು ಮಾತ್ರ ಉಳಿದು ಸಾಕ್ಷಿ ಹೇಳುತ್ತದೆ. ಮೂಲಕ್ಕೂ ಸಾಧಾರಣಕ್ಕೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ ಬೇಕೆಂದೇ ಮೋಸಮಾಡುವವರಿಗೂ ಕೊರತೆಯಿಲ್ಲ. ಜರ್ಮನಿಯ ಮೌಸರ್ ಸ್ನೈಪರ್ ರೈಫಲುಗಳ ವಿಷಯದಲ್ಲಿ ಸುಳ್ಳು ಎಷ್ಟು ಬೆರೆತಿದೆಯೆಂದರೆ ಬಲ್ಲವರು ಮೊದಲು ನಕಲೆಂದೇ ಭಾವಿಸಿ ಪರೀಕ್ಷೆಗೆ ತೊಡಗುತ್ತಾರೆ.

ಕರ್ಣಾಟಕದ ಇತಿಹಾಸವನ್ನು ಓದುವವರಿಗೆ ಇಲ್ಲಿ ಗಂಗರ ತಾಮ್ರಶಾಸನಗಳ ಪ್ರಸಂಗ ನೆನಪಾಗದೆ ಇರದು. ಅವುಗಳಲ್ಲಿ ಹಲವನ್ನು ಜೆ. ಎಫ್. ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರು; ಬಿ. ಎಲ್. ರೈಸ್ ಅವುಗಳ ಪರವಾಗಿ ವಾದಿಸಿದರು. ವಿವಾದದ ತಿರುಳು ಲಿಪಿಯ ಕಾಲ, ತಿಥಿವಾರಗಳ ತಾಳೆ, ವಂಶಾವಳಿಯ ಸಾಮರಸ್ಯ ಇವುಗಳಲ್ಲಿತ್ತು. ಕೂಟವೆನಿಸಿದ ಶಾಸನ ಕೆಲವೊಮ್ಮೆ ಕಳೆದುಹೋದ ನಿಜಶಾಸನವೊಂದರ ನಂತರದ ಪ್ರತಿಯೂ ಆಗಿರಬಹುದು. ಪ್ರತಿ ಮಾಡಿದವನು ‘ಇದು ಪ್ರತಿ, ಇಂಥ ವರ್ಷ ಮಾಡಿದ್ದು’ ಎಂದು ಒಂದು ಪಂಕ್ತಿ ಕೆತ್ತಿಸಿದ್ದರೆ ವಿದ್ವಾಂಸರಿಗೆ ಎಷ್ಟು ಶ್ರಮ ತಪ್ಪುತ್ತಿತ್ತು! ರೈಫಲಿನ ನಿರ್ಮಾಪಕನಿಗೆ ಆ ಒಂದು ಪಂಕ್ತಿಯನ್ನು ಕೆತ್ತುವ ಅವಕಾಶ ಇಂದೂ ಇದೆ. ಮರದ ಅಡಿಯಲ್ಲಿ, ಹೊರಗೆ ಕಾಣದ ಲೋಹದ ಭಾಗದ ಮೇಲೆ, ಅಳಿಸಲಾಗದಂತೆ ‘ಪ್ರತಿಕೃತಿ’ ಎಂದೂ ವರ್ಷವನ್ನೂ ಒತ್ತಿದರೆ ಹೊರ ನೋಟಕ್ಕೆ ಯಾವ ಕುಂದೂ ಬಾರದು. ಹಳೆಯ ಅಚ್ಚುಗಳನ್ನು ಮಾತ್ರ ಅನುಕರಿಸದಿರುವುದೇ ಸರಿಯೆಂದು ನನಗೆ ತೋರುತ್ತದೆ. ರೂಪವನ್ನು ಅನುಕರಿಸುವುದು ಕಲೆ. ಸಾಕ್ಷಿಯ ಸಹಿಯನ್ನು ಅನುಕರಿಸುವುದು ಬೇರೆಯೇ ಆದ ಕೆಲಸ.

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಮೇಲಿನ ರೂಪದಲ್ಲಿ ಎಡೆಯಿಲ್ಲ. 1959ರ ಆಯುಧಗಳ ಅಧಿನಿಯಮದ ವ್ಯವಸ್ಥೆಯಲ್ಲಿ .303 ವ್ಯಾಸ ಸಾಮಾನ್ಯ ನಾಗರಿಕರಿಗೆ ನಿಷಿದ್ಧವಾದುದು. ನಾಗರಿಕರಿಗೆಂದು ಸರಕಾರದ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದ .315 ವ್ಯಾಸದ ರೈಫಲಿನ ಯಂತ್ರರಚನೆ ಲೀ-ಎನ್‌ಫೀಲ್ಡ್ ಕುಲದ್ದೇ ಆಗಿರುವುದು ಕುತೂಹಲದ ಸಂಗತಿ. 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಹೀಗಿರುವಲ್ಲಿ ಸಂಗ್ರಹದ ಮಾತೆಲ್ಲಿ ಬಂತು? ಬ್ರಿಟನ್ನಿನಲ್ಲಿಯೂ ಪೊಲೀಸರ ಪರವಾನಗಿಯಿಲ್ಲದೆ ಗುಂಡು ಹಾರಿಸಬಲ್ಲ ರೈಫಲನ್ನು ಇಡುವಂತಿಲ್ಲ. ಅಲ್ಲಿ ಅನೇಕರು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿದ ರೈಫಲನ್ನೇ ಆಧಾರವಾಗಿಟ್ಟುಕೊಂಡು ಪ್ರತಿಕೃತಿಯನ್ನು ಕಟ್ಟುತ್ತಾರೆ. ಗುಂಡು ಹಾರಿಸದಿದ್ದರೂ ಅದರಿಂದ ಕಲಿಯಬೇಕಾದ ಇತಿಹಾಸಕ್ಕೆ ಹೆಚ್ಚಿನ ನಷ್ಟವಿಲ್ಲ. ಇತ್ತ 2020ರ ಜನವರಿ 26ರಂದು ಉತ್ತರ ಪ್ರದೇಶದ ಪೊಲೀಸರು .303 ರೈಫಲಿಗೆ ವಿಧ್ಯುಕ್ತವಾಗಿ ವಿದಾಯ ಹೇಳಿದರು. ಹೀಗೆ ಸೇವೆಯಿಂದ ಹೊರಬೀಳುವ ರೈಫಲುಗಳು ಕುಲುಮೆಗೆ ಹೋಗುವ ಮುನ್ನ ಅವುಗಳ ಅಚ್ಚುಗಳನ್ನು ಪಡಿಯಚ್ಚು ತೆಗೆದು, ಸಂಖ್ಯೆ, ವರ್ಷ, ಕಾರ್ಖಾನೆಗಳನ್ನು ದಾಖಲೆ ಮಾಡುವುದು ಇತಿಹಾಸ ವಿಭಾಗಗಳು ಪೊಲೀಸ್ ಇಲಾಖೆಯ ಅನುಮತಿಯಿಂದ ಕೈಕೊಳ್ಳಬಹುದಾದ ಕೆಲಸ. ಶಾಸನಗಳ ಅಚ್ಚು ತೆಗೆಯುವ ಕಾಗದ, ಕುಂಚ, ಮಸಿಗಳಿಗೆ ಬದಲಾಗಿ ಇಲ್ಲಿ ತೆಳುವಾದ ಕಾಗದವೂ ಸೀಸದಕಡ್ಡಿಯೂ ಸಾಕು. ಒಂದು ರೈಫಲಿಗೆ ಹತ್ತು ನಿಮಿಷ ಹಿಡಿಯಬಹುದು.